ಬಿಸಿನೀರಿನ ಪ್ರೆಷರ್ ವಾಷರ್‌ನ ಡೀಸೆಲ್ ಬರ್ನರ್: ಹೊಂದಿಸುವ ಕ್ರಮ, ಕಾಪಾಡುವ ಬಗೆ

ಬರ್ನರ್ ಕಪ್ಪು ಹೊಗೆ ಉಗುಳತೊಡಗಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಗಾಳಿಯ ಶಟರ್ ಕಡೆಗೆ, ಅಂದರೆ ಒಳಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಮುಚ್ಚಳದ ಕಡೆಗೆ. ಅದನ್ನು ಒಂದಿಷ್ಟು ತೆರೆದರೆ ಹೊಗೆ ನಿಲ್ಲುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ. ಕೆಲವೇ ದಿನಗಳಲ್ಲಿ ನೀರು ಮೊದಲಿನಷ್ಟು ಕಾಯುವುದಿಲ್ಲ, ಡೀಸೆಲ್ ಬೇಗ ಖಾಲಿಯಾಗುತ್ತದೆ, ಶುರುಮಾಡುವಾಗ ಕಣ್ಣುರಿಸುವ ಬಿಳಿ ಹೊಗೆ ಬರುತ್ತದೆ. ಸವೆದದ್ದು ಡೀಸೆಲ್ ಸಿಂಪಡಿಸುವ ನಾಝಲ್, ತಿರುಗಿಸಿದ್ದು ಶಟರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಆದ್ದರಿಂದ ಈ ಬರಹದ ಕ್ರಮವೇ ಇದರ ಮುಖ್ಯ ಮಾತು. ಮೊದಲು ಇಂಧನ, ಆಮೇಲೆ ಪಂಪಿನ ಒತ್ತಡ, ಆಮೇಲೆ ನಾಝಲ್, ಆಮೇಲೆ ಕಿಡಿ ಹಾರಿಸುವ ಎಲೆಕ್ಟ್ರೋಡ್. ಇವು ನಾಲ್ಕೂ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆಯೇ ಗಾಳಿ. ನಡುವೆ ಒಂದನ್ನು ಹಾರಿಸಿದರೆ ಮುಂದಿನ ಹೊಂದಾಣಿಕೆಗಳೆಲ್ಲ ಆ ತಪ್ಪಿನ ಮೇಲೇ ಕೂರುತ್ತವೆ.

ಒಳಗೆ ನಡೆಯುವುದೇನು

ಸಾಮಾನ್ಯ ಬರ್ನರ್‌ನಲ್ಲಿ ಒಂದೇ ಮೋಟಾರು ಗಾಳಿಯ ಫ್ಯಾನನ್ನೂ ಇಂಧನದ ಪಂಪನ್ನೂ ತಿರುಗಿಸುತ್ತದೆ. ಎರಡರ ನಡುವೆ ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಒಂದು ಸಣ್ಣ ಕಪ್ಲಿಂಗ್ ಇರುತ್ತದೆ. ಪಂಪು ಡೀಸೆಲ್ಲನ್ನು 7ರಿಂದ 10 ಬಾರ್ ಒತ್ತಡಕ್ಕೆ ಏರಿಸುತ್ತದೆ, ಅಂದರೆ ಸುಮಾರು 100ರಿಂದ 150 ಪಿಎಸ್‌ಐ. ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ತೆರೆದೊಡನೆ ಡೀಸೆಲ್ ನಾಝಲಿನೊಳಗಿನ ಓರೆ ಗೀರುಗಳಲ್ಲಿ ಗಿರಗಿರನೆ ಸುತ್ತಿ, ಮಂಜಿನಂಥ ತುಂತುರಾಗಿ ಹೊರಬೀಳುತ್ತದೆ. ಇಗ್ನಿಷನ್ ಟ್ರಾನ್ಸ್‌ಫಾರ್ಮರಿನಿಂದ ಬರುವ 10,000 ವೋಲ್ಟ್ ಅಥವಾ ಅದಕ್ಕೂ ಮೇಲಿನ ಕಿಡಿ ಅದನ್ನು ಹೊತ್ತಿಸುತ್ತದೆ. ಉರಿ ಕಾಯಿಲು ಎಂಬ ಸುರುಳಿ ಕೊಳವೆಯ ನಡುವೆ ನಿಲ್ಲುತ್ತದೆ, ಬಿಸಿ ಗಾಳಿ ಸುರುಳಿಗಳ ಸಂದಿಯಲ್ಲಿ ಹಾದು ಚಿಮಣಿಗೆ ಹೋಗುತ್ತದೆ, ಕಾಯಿಲಿನ ಒಳಗೆ ನೀರು ಓಡುತ್ತಿರುತ್ತದೆ. ನೀರಿನ ಗನ್ನಿನ ಟ್ರಿಗರ್ ಬಿಟ್ಟರೆ ನೀರಿನ ಓಟವನ್ನು ಗಮನಿಸುವ ಫ್ಲೋ ಸ್ವಿಚ್ ಅಥವಾ ಒತ್ತಡವನ್ನು ಗಮನಿಸುವ ಪ್ರೆಷರ್ ಸ್ವಿಚ್ ಸೊಲೆನಾಯ್ಡನ್ನು ಮುಚ್ಚಿಸುತ್ತದೆ.

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳಿದರೆ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 10,000 ಲೀಟರ್ ಗಾಳಿ. ಇದು ಕನಿಷ್ಠ ಲೆಕ್ಕ, ಕೊಡಬೇಕಾದದ್ದು ಇದಕ್ಕಿಂತ ಶೇ. 25ರಿಂದ 35ರಷ್ಟು ಹೆಚ್ಚು. ಫ್ಯಾನಿನ ರೆಕ್ಕೆಗಳ ಮೇಲೆ ಕೂತ ತೆಳ್ಳನೆಯ ಜಿಡ್ಡು ಧೂಳು ಏಕೆ ಇಷ್ಟು ಕಾಟ ಕೊಡುತ್ತದೆ ಎಂಬುದು ಈ ಅಂಕಿಯಿಂದಲೇ ತಿಳಿಯುತ್ತದೆ.

ಕೈ ಹಾಕುವ ಮೊದಲು

ಕರೆಂಟ್ ಪ್ಲಗ್ ಕಿತ್ತಿಡಿ. 12 ವೋಲ್ಟಿನ ಯಂತ್ರವಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಗನ್ ಒತ್ತಿ ನೀರಿನ ಒತ್ತಡ ಇಳಿಸಿ. ಕಾಯಿಲು ಮುಟ್ಟುವಷ್ಟು ತಣ್ಣಗಾಗಲಿ. ಹತ್ತಿರದಲ್ಲಿ ಡೀಸೆಲ್ ಬೆಂಕಿಗೆ ಹೊಂದುವ ಅಗ್ನಿಶಾಮಕ ಇರಲಿ. ಬರ್ನರ್ ಉರಿಸಿ ನೋಡುವ ಕೆಲಸವನ್ನೆಲ್ಲ ಬಯಲಿನಲ್ಲೇ ಮಾಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣ ತೆಗೆಯುತ್ತದೆ.

ಇನ್ನೆರಡು ಮಾತುಗಳಲ್ಲಿ ರಿಯಾಯಿತಿ ಇಲ್ಲ. ಕಾಯಿಲಿನಲ್ಲಿ ನೀರು ಓಡದೆ ಬರ್ನರ್ ಹೊತ್ತಿಸಬಾರದು. ಪರೀಕ್ಷೆಗೆಂದು ಫ್ಲೋ ಸ್ವಿಚ್ಚನ್ನಾಗಲಿ ಥರ್ಮೋಸ್ಟಾಟನ್ನಾಗಲಿ ತಂತಿ ಹಾಕಿ ದಾಟಿಸಬಾರದು. ಹಾಗೆಯೇ ಟ್ಯಾಂಕಿಗೆ ಪೆಟ್ರೋಲ್, ಥಿನ್ನರ್, ಬಳಸಿದ ಎಂಜಿನ್ ಆಯಿಲ್ ಇವು ಯಾವುವೂ ಹೋಗಬಾರದು. ಡೀಸೆಲ್ ಅಥವಾ ತಯಾರಕರು ಒಪ್ಪಿದ ಸೀಮೆಎಣ್ಣೆ, ಅಷ್ಟೇ.

ಬೇಕಾದ ಸಲಕರಣೆ: 16 ಮತ್ತು 19 ಮಿಲಿಮೀಟರ್ ಸ್ಪ್ಯಾನರ್, 0ರಿಂದ 20 ಬಾರ್ ತೋರಿಸುವ ಇಂಧನ ಗೇಜ್, ಮಲ್ಟಿಮೀಟರ್, ಸ್ಟೀಲ್ ಸ್ಕೇಲ್, ಮೆತ್ತನೆಯ ಬ್ರಷ್, ಪಾರದರ್ಶಕ ಪೈಪಿನ ತುಂಡು, ನೂಲು ಬಿಡದ ಬಟ್ಟೆ. ಗಾಳಿಯನ್ನು ಸರಿಯಾಗಿ ಹೊಂದಿಸಲು ಹೊಗೆ ಅಳೆಯುವ ಕೈಪಂಪು ಮತ್ತು ಚಿಮಣಿಯ ಅನಿಲಗಳನ್ನು ಅಳೆಯುವ ಫ್ಲೂ ಗ್ಯಾಸ್ ಅನಲೈಸರ್ ಬೇಕು. ಅವು ಇಲ್ಲದಿದ್ದರೂ ಮೊದಲ ನಾಲ್ಕು ಹಂತಗಳನ್ನು ನಿಶ್ಚಿಂತೆಯಿಂದ ಮುಗಿಸಬಹುದು.

ಇಂಧನ

ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಒಂದಿಷ್ಟು ಡೀಸೆಲ್ ತೆಗೆದು ಹತ್ತು ನಿಮಿಷ ಬಿಡಿ. ನೀರು ಇದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಕಂದು ಬಣ್ಣದ ಲೋಳೆ ಕಂಡರೆ ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದರ್ಥ. ಆಗ ಫಿಲ್ಟರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕನ್ನೇ ಖಾಲಿ ಮಾಡಿ ತೊಳೆದು ಒಣಗಿಸಬೇಕು. ಈ ಯಂತ್ರಗಳಲ್ಲಿ ನೀರು ಸೇರುವುದು ಬಹಳ ಸುಲಭ. ಸುತ್ತಲೂ ಹಾರುವ ತುಂತುರು ಸಡಿಲವಾದ ಮುಚ್ಚಳದ ಮೂಲಕ ಒಳಗಿಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ರಾತ್ರಿ ತೇವ ಹನಿಗಟ್ಟುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು ಎನ್ನುವುದು ಅದಕ್ಕೇ.

ನೀರು ಬೇರ್ಪಡಿಸುವ ಫಿಲ್ಟರನ್ನು ಬದಲಿಸಿ, ಪಂಪಿನ ಮುಚ್ಚಳ ಬಿಚ್ಚಿ ಒಳಗಿನ ಜಾಲರಿಯನ್ನು ಹೊಸ ಡೀಸೆಲ್ಲಿನಲ್ಲಿ ಜಾಲಾಡಿಸಿ. ಮುಚ್ಚಳದ ಗ್ಯಾಸ್ಕೆಟ್ ಹೊಸದು ಹಾಕಿ. ಹಳೆಯದು ಕಣ್ಣಿಗೆ ಚೆನ್ನಾಗಿಯೇ ಕಂಡರೂ ಗಾಳಿ ಎಳೆದುಕೊಳ್ಳುವುದು ಹೆಚ್ಚಾಗಿ ಅಲ್ಲಿಂದಲೇ. ಇಂಧನದ ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆಗಳು ಹರಿದು ನಾಝಲಿನ ಜಾಲರಿಯಲ್ಲೋ ಸೊಲೆನಾಯ್ಡಿನ ಸೀಟಿನಲ್ಲೋ ಸಿಕ್ಕಿಕೊಳ್ಳುತ್ತವೆ. ಡೀಸೆಲ್ ತಾಳುವ ಪೇಸ್ಟ್ ಸೀಲಂಟ್ ಬಳಸಿ.

ಲೈನಿನಲ್ಲಿ ಗಾಳಿ ಇದೆಯೇ ಎಂದು ನೋಡಲು ಪಂಪಿನಲ್ಲಿ ಗಾಳಿ ಹೊರಬಿಡಲೆಂದು ಇರುವ ಬ್ಲೀಡ್ ನಿಪ್ಪಲಿಗೆ ಪಾರದರ್ಶಕ ಪೈಪ್ ಚುಚ್ಚಿ, ಇನ್ನೊಂದು ತುದಿಯನ್ನು ಡಬ್ಬಿಯೊಳಗಿಡಿ. ನೀರು ಓಡಿಸಿ ಬರ್ನರ್ ಮೋಟಾರು ಶುರುವಾದ ಮೇಲೆ ನಿಪ್ಪಲನ್ನು ಸಡಿಲಿಸಿ. ಮೊದಲು ನೊರೆ ಬರುತ್ತದೆ, ಆಮೇಲೆ ದೊಡ್ಡ ಗುಳ್ಳೆಗಳು, ಕೊನೆಗೆ ಗಾಜಿನಂತೆ ತಿಳಿಯಾದ ಧಾರೆ. ತಿಳಿಯಾದ ಮೇಲೂ 15 ಸೆಕೆಂಡ್ ಬಿಟ್ಟು ಬಿಗಿ ಮಾಡಿ. ಗುಳ್ಳೆಗಳು ನಿಲ್ಲದೇ ಬರುತ್ತಿದ್ದರೆ ಟ್ಯಾಂಕಿನಿಂದ ಪಂಪಿನವರೆಗಿನ ಎಳೆಯುವ ಭಾಗದಲ್ಲಿ ಎಲ್ಲೋ ಸೋರಿಕೆಯಿದೆ. ಅಲ್ಲಿ ಡೀಸೆಲ್ ಹೊರಗೆ ಜಿನುಗುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಒದ್ದೆ ಕಲೆ ಹುಡುಕಿ ಸೋರಿಕೆ ಸಿಗುವುದಿಲ್ಲ, ಜೋಡಣೆಗಳನ್ನು ಒಂದೊಂದಾಗಿ ಬಿಗಿಮಾಡಿ ನೋಡಬೇಕು.

ಪಂಪ್ ಬದಲಿಸುವವರು ಒಂದನ್ನು ಗಮನಿಸಿ. ಹೊಸ ಪಂಪಿನ ಜೊತೆ ಬೈಪಾಸ್ ಪ್ಲಗ್ ಎಂಬ ಪುಟ್ಟ ಸ್ಕ್ರೂ ಬರುತ್ತದೆ. ಅದು ಟ್ಯಾಂಕಿಗೆ ಹಿಂತಿರುಗುವ ಎರಡನೆಯ ಪೈಪ್ ಇದ್ದಾಗ ಮಾತ್ರ. ಒಂದೇ ಪೈಪಿನ ಜೋಡಣೆಯಲ್ಲಿ ಅದನ್ನು ಕೂರಿಸಿದರೆ ಹೆಚ್ಚಾದ ಡೀಸೆಲ್ಲಿಗೆ ಹೋಗಲು ದಾರಿಯಿಲ್ಲದೆ ಪಂಪಿನ ಶಾಫ್ಟ್ ಸೀಲ್ ಕಿತ್ತುಹೋಗುತ್ತದೆ.

ಪಂಪಿನ ಒತ್ತಡ

ಪಂಪಿನ ಗೇಜ್ ಪೋರ್ಟಿಗೆ ಗೇಜ್ ಹಾಕಿ, ಬರ್ನರ್ ಉರಿಯುತ್ತಿರುವಾಗ ಓದಿ. ಯಂತ್ರದ ಪುಸ್ತಕದಲ್ಲಿ ಹೇಳಿದ ಅಂಕಿಯೇ ಇರಬೇಕು. ಹೆಚ್ಚು ಕಡಿಮೆ ಇದ್ದರೆ ಹೊಂದಿಸುವ ಸ್ಕ್ರೂವನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಕಾದು, ಮತ್ತೆ ಓದಿ. ಬಲಕ್ಕೆ ತಿರುಗಿಸಿದರೆ ಒತ್ತಡ ಏರುತ್ತದೆ.

ಸ್ಕ್ರೂ ಬಿಗಿ ಮಾಡಿದರೂ ಒತ್ತಡ ಏರದಿದ್ದರೆ ಜಾಲರಿ ಕಟ್ಟಿದೆ, ಗಾಳಿ ಸೇರಿದೆ, ಕಪ್ಲಿಂಗ್ ಜಾರುತ್ತಿದೆ, ಇಲ್ಲವೇ ಪಂಪೇ ಸವೆದಿದೆ. ಮುಳ್ಳು ನಡುಗುತ್ತಿದ್ದರೆ ಗಾಳಿಯನ್ನು ಅನುಮಾನಿಸಿ. 12 ವೋಲ್ಟಿನ ಬರ್ನರ್‌ನಲ್ಲಿ ಇನ್ನೊಂದು ಸಾಧ್ಯತೆಯಿದೆ. ವೋಲ್ಟೇಜ್ ಇಳಿದರೆ ಮೋಟಾರು ನಿಧಾನವಾಗಿ, ಗಾಳಿಯೂ ಒತ್ತಡವೂ ಒಟ್ಟಿಗೆ ಕುಸಿಯುತ್ತವೆ. ವೋಲ್ಟೇಜನ್ನು ಬ್ಯಾಟರಿಯ ಬಳಿ ಅಳೆದರೆ ಸಾಲದು, ಬರ್ನರ್ ಓಡುತ್ತಿರುವಾಗ ಮೋಟಾರಿನ ಟರ್ಮಿನಲ್‌ನಲ್ಲೇ ಅಳೆಯಿರಿ. ಅಲ್ಲಿ 12ಕ್ಕಿಂತ ಕೆಳಗಿದ್ದರೆ ಹಸಿರುಗಟ್ಟಿದ ಕನೆಕ್ಟರ್, ಸಣ್ಣಗಾದ ವೈರ್, ಸಡಿಲ ಅರ್ತಿಂಗ್ ಹುಡುಕಿ.

ಕೊನೆಯಲ್ಲಿ ಕಟ್‌ಆಫ್ ಪರೀಕ್ಷೆ. ನಾಝಲ್ ಲೈನ್ ಬಿಚ್ಚಿ ಗೇಜನ್ನು ಅಲ್ಲಿ ಹಾಕಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ. ಮುಳ್ಳು ಸ್ವಲ್ಪ ಕೆಳಗಿಳಿದು ಅಲ್ಲೇ ನಿಲ್ಲಬೇಕು. ನಿಲ್ಲದೆ ಸೊನ್ನೆಗೆ ಜಾರಿದರೆ ಪಂಪಿನೊಳಗಿನ ಮುಚ್ಚುವ ವಾಲ್ವ್ ಸೋರುತ್ತಿದೆ. ಟ್ರಿಗರ್ ಬಿಟ್ಟ ಮೇಲೂ ಚಿಮಣಿಯಿಂದ ಎಳೆಎಳೆಯಾಗಿ ಹೊಗೆ ಬರುವುದಕ್ಕೆ ಇದೂ ಒಂದು ಕಾರಣ.

ನಾಝಲ್

ಇಡೀ ಬರ್ನರಿನಲ್ಲಿ ಅತಿ ಅಗ್ಗದ, ಅತಿ ಮುಖ್ಯವಾದ ಭಾಗ ಇದು. ಅದರ ಷಡ್ಭುಜ ಮೈಮೇಲೆ ಮೂರು ಸಂಗತಿ ಕೆತ್ತಿರುತ್ತಾರೆ: ಹರಿವು, ಕೋನ, ತುಂತುರಿನ ಆಕಾರ. 1.35 ಎಂದಿದ್ದರೆ 7 ಬಾರ್ ಒತ್ತಡದಲ್ಲಿ ಗಂಟೆಗೆ 1.35 ಅಮೆರಿಕನ್ ಗ್ಯಾಲನ್. ಕೆಲವದರ ಮೇಲೆ ಜೊತೆಗೇ ಗಂಟೆಗೆ ಇಷ್ಟು ಕಿಲೋ ಎಂದೂ ಇರುತ್ತದೆ, ಅದು 10 ಬಾರ್‌ನ ಲೆಕ್ಕ. ಎರಡನ್ನೂ ಕಲಸಿಕೊಂಡು ದೊಡ್ಡ ನಾಝಲ್ ಹಾಕಿ ಗೋಳಾಡುವವರು ಕಡಿಮೆಯಿಲ್ಲ. ಕೋನ 60, 80, 90 ಡಿಗ್ರಿ ಹೀಗೆ. ಆಕಾರಕ್ಕೆ ಅಕ್ಷರದ ಗುರುತು. ಡ್ಯಾನ್‌ಫಾಸ್ ಕಂಪನಿಯ ನಾಝಲ್‌ಗಳಲ್ಲಿ 'ಎಸ್' ಎಂದರೆ ಒಳಗೂ ತುಂಬಿದ ಶಂಕು, 'ಎಚ್' ಎಂದರೆ ನಡು ಟೊಳ್ಳಾದ ಶಂಕು. ಡೆಲವನ್ ಕಂಪನಿಯವುಗಳಲ್ಲಿ ಟೊಳ್ಳಿಗೆ 'ಎ', ತುಂಬಿದ್ದಕ್ಕೆ 'ಬಿ'. ಹರಿವು ಒಂದೇ ಎಂದು ಕೋನವನ್ನೂ ಆಕಾರವನ್ನೂ ಬದಲಿಸಿದರೆ ಉರಿ ಕಾಯಿಲಿಗೆ ಬಡಿಯುತ್ತದೆ, ಬಡಿದಲ್ಲಿ ತಣ್ಣಗಾಗಿ ಮಸಿಯಾಗುತ್ತದೆ.

ಒತ್ತಡ ಏರಿದರೆ ಹರಿವೂ ಏರುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ, ವರ್ಗಮೂಲದ ಪ್ರಮಾಣದಲ್ಲಿ. 7ರಿಂದ 10 ಬಾರ್‌ಗೆ ಏರಿಸಿದರೆ ಹರಿವು ಸುಮಾರು ಶೇ. 20 ಹೆಚ್ಚುತ್ತದೆ. 1.35ರ ನಾಝಲ್ 7 ಬಾರ್‌ನಲ್ಲಿ ಗಂಟೆಗೆ 5.1 ಲೀಟರ್ ಕೊಟ್ಟರೆ 10 ಬಾರ್‌ನಲ್ಲಿ 6.1 ಲೀಟರ್ ಕೊಡುತ್ತದೆ.

ಯಂತ್ರಕ್ಕೆ ಎಷ್ಟು ಬೇಕು ಎಂದು ನೀವೇ ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 15 ಲೀಟರ್ ನೀರನ್ನು 50 ಡಿಗ್ರಿ ಸೆಲ್ಸಿಯಸ್ ಏರಿಸಬೇಕು ಎನ್ನಿ. 15ನ್ನು 50ರಿಂದ, ಅದನ್ನು ನೀರಿನ ವಿಶಿಷ್ಟ ಶಾಖವಾದ 4.19ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 52 ಕಿಲೋವ್ಯಾಟ್. ಕಾಯಿಲಿನ ದಕ್ಷತೆ ಶೇ. 85 ಎಂದುಕೊಂಡರೆ ಉರಿಯಿಂದ 62 ಕಿಲೋವ್ಯಾಟ್ ಬರಬೇಕು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಕಿಲೋವ್ಯಾಟ್ ಅವರ್ ಶಕ್ತಿಯಿದೆ. ಅಲ್ಲಿಗೆ ಗಂಟೆಗೆ 6.2 ಲೀಟರ್, ಅಂದರೆ 10 ಬಾರ್‌ನಲ್ಲಿ ಅದೇ 1.35ರ ನಾಝಲ್. ಈ ಲೆಕ್ಕ ನಾಝಲ್ ದೊಡ್ಡದು ಮಾಡಲು ಅಲ್ಲ, ನೀರು ಕಡಿಮೆ ಕಾಯುತ್ತಿದೆ ಎಂಬ ದೂರಿನಲ್ಲಿ ಹುರುಳಿದೆಯೇ ಎಂದು ತಿಳಿಯಲು. ಒಳಬರುವ ನೀರೇ 10 ಡಿಗ್ರಿ ತಣ್ಣಗಾದರೆ ಹೊರಗೆ ಬರುವುದೂ 10 ಡಿಗ್ರಿ ತಣ್ಣಗಿರುತ್ತದೆ. ಅದು ಬರ್ನರಿನ ತಪ್ಪಲ್ಲ.

ನಾಝಲನ್ನು ಪಿನ್ನು, ತಂತಿ ಹಾಕಿ ಶುಚಿಮಾಡಬೇಡಿ. ಅದರ ತೂತಿನ ಅಂಚು ಕೂದಲೆಳೆಯಷ್ಟು ಗೀಚಿದರೂ ತುಂತುರು ಒಂದು ಪಕ್ಕಕ್ಕೆ ವಾಲುತ್ತದೆ. ಬದಲಿಸುವುದೇ ಸರಿ. ಬದಲಿಸುವ ಬಗೆ ಹೀಗೆ:

1. ಎಲೆಕ್ಟ್ರೋಡ್ ಜೋಡಣೆಯನ್ನು ಹೊರತೆಗೆಯುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.
2. ನಾಝಲ್ ಕೂರುವ ಅಡಾಪ್ಟರಿಗೆ 19ರ ಸ್ಪ್ಯಾನರ್, ನಾಝಲಿಗೆ 16ರ ಸ್ಪ್ಯಾನರ್ ಹಾಕಿ. ಎರಡು ಸ್ಪ್ಯಾನರ್ ಇಲ್ಲದೆ ಬಿಚ್ಚಲು ಹೋದರೆ ಇಂಧನದ ಕೊಳವೆ ತಿರುಚುತ್ತದೆ.
3. ಅಡಾಪ್ಟರಿನ ಒಳಮುಖವನ್ನು ಬಟ್ಟೆಯಿಂದ ಒರೆಸಿ. ಅಲ್ಲಿ ಲೋಹಕ್ಕೆ ಲೋಹ ಕೂತೇ ಸೀಲ್ ಆಗಬೇಕು, ಪೇಸ್ಟ್ ಬೇಡ.
4. ಹೊಸ ನಾಝಲನ್ನು ಡಬ್ಬಿಯಿಂದ ತೆಗೆದು ಷಡ್ಭುಜ ಭಾಗ ಹಿಡಿದೇ ಕೂರಿಸಿ. ಮುಖವನ್ನೂ ಹಿಂಬದಿಯ ಜಾಲರಿಯನ್ನೂ ಬೆರಳಿನಿಂದ ಮುಟ್ಟಬೇಡಿ.
5. ಕೈಯಿಂದ ಪೂರ್ತಿ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತಿನೊಳಗೆ ಬಿಗಿ ಮಾಡಿ.

ಬಿಚ್ಚಿದ ಹಳೆಯ ನಾಝಲನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಮುಖದ ಮೇಲೆ ಕಪ್ಪು ಗಟ್ಟಿ ಪದರ ಇದ್ದರೆ ನಿಲ್ಲಿಸಿದ ಮೇಲೂ ಡೀಸೆಲ್ ಹನಿದು ಬಿಸಿಗೆ ಬೆಂದಿದೆ. ಹಿಂದಿನ ಜಾಲರಿಯಲ್ಲಿ ಕಂದು ಪೊರೆ ಕಟ್ಟಿದ್ದರೆ ಫಿಲ್ಟರ್ ತಡವಾಗಿ ಬದಲಾಗಿದೆ. ಹೊಸ ನಾಝಲಿಗೂ ಅದೇ ಗತಿ ಬರದಂತೆ ಕಾರಣವನ್ನು ಮೊದಲು ಸರಿಪಡಿಸಿ.

ಎಲೆಕ್ಟ್ರೋಡ್

ಇಲ್ಲಿ ಒಂದು ಮಿಲಿಮೀಟರಿಗೂ ಬೆಲೆಯಿದೆ. ಪುಸ್ತಕದ ಅಳತೆಯೇ ಅಂತಿಮ, ಅದು ಸಿಗದಿದ್ದಾಗ ಗನ್ ಮಾದರಿಯ (ಇಂಧನ, ಗಾಳಿ, ಕಿಡಿ ಒಂದೇ ಕೊಳವೆಯಲ್ಲಿ ಕೂಡುವ) ಬರ್ನರಿಗೆ ಶುರುವಿನ ಅಳತೆಯಾಗಿ ಇದನ್ನು ಇಟ್ಟುಕೊಳ್ಳಬಹುದು: ಎರಡು ತುದಿಗಳ ನಡುವೆ 4 ಮಿಲಿಮೀಟರ್, ನಾಝಲಿನ ನಡುಗೆರೆಯಿಂದ 8 ಮಿಲಿಮೀಟರ್ ಮೇಲೆ, ನಾಝಲಿನ ಮುಖದಿಂದ 2ರಿಂದ 3 ಮಿಲಿಮೀಟರ್ ಮುಂದೆ. ತುದಿಗಳು ತುಂತುರಿನ ಅಂಚಿಗೆ ಹತ್ತಿರ ಇರಬೇಕು, ಅದರೊಳಗೆ ಮುಳುಗಬಾರದು. ಫ್ಯಾನಿನ ಗಾಳಿಯ ಓಟ ಕಿಡಿಯನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿಸುತ್ತದೆ, ಆ ಬಾಗಿದ ಕಿಡಿ ತುಂತುರನ್ನು ತಾಕಿದರೆ ಸಾಕು. ತಂತಿಯೇ ತುಂತುರಿನಲ್ಲಿ ತೋಯ್ದರೆ ಮಸಿ ಗಟ್ಟಿಯಾಗಿ ಎರಡು ತುದಿಗಳ ನಡುವೆ ಸೇತುವೆ ಕಟ್ಟುತ್ತದೆ, ಕಿಡಿ ಅದರ ಮೂಲಕವೇ ಹರಿದು ಸತ್ತುಹೋಗುತ್ತದೆ.

ಪಿಂಗಾಣಿ ಕವಚವನ್ನು ಒರೆಸಿ, ಉಗುರಿನಿಂದ ಸವರಿ ನೋಡಿ. ಬಿರುಕು ಕೂದಲಿನಷ್ಟೇ ಇದ್ದರೂ ಉಗುರಿಗೆ ತಡೆಯುತ್ತದೆ. ಕಂದು ಬಣ್ಣದ ತೆಳು ಗೆರೆ ಕಂಡರೆ ಕಿಡಿ ಅಲ್ಲಿಂದ ಕಳ್ಳದಾರಿ ಹಿಡಿದಿದೆ. ಅಂಥದ್ದನ್ನು ಬದಲಿಸಿ. ಟ್ರಾನ್ಸ್‌ಫಾರ್ಮರಿನ ಸ್ಪ್ರಿಂಗು ಅಥವಾ ತಂತಿ ಎಲೆಕ್ಟ್ರೋಡಿನ ಹಿಂಬದಿಗೆ ಒತ್ತಿ ಕೂರುತ್ತದೆಯೇ ನೋಡಿ, ತುಕ್ಕು ಇದ್ದರೆ ಉಜ್ಜಿ. ಸ್ಕ್ರೂಡ್ರೈವರ್ ಹಿಡಿದು ಕಿಡಿ ಹಾರಿಸಿ ಪರೀಕ್ಷಿಸುವ ಪದ್ಧತಿ ಬಹಳ ಕಡೆ ಇದೆ. ಒದ್ದೆ ನೆಲದ ಮೇಲೆ ನಿಂತು 10,000 ವೋಲ್ಟಿನ ಜೊತೆ ಅದು ಸಲ್ಲದು.

ಇದೇ ಹೊತ್ತಿಗೆ ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಬ್ರಷ್ ಮಾಡಿ, ಗಾಳಿ ಒಳಬರುವ ಜಾಲರಿ ಶುಚಿಮಾಡಿ, ಉರಿಯ ಮುಂದಿನ ಗಾಳಿ ತಿರುಗಿಸುವ ತಟ್ಟೆಯ ಮಸಿ ತೆಗೆಯಿರಿ. ಗಾಳಿ ಹೊಂದಿಸಿದ ಮೇಲೆ ಫ್ಯಾನ್ ತೊಳೆದರೆ ಹೊಂದಾಣಿಕೆ ಮತ್ತೆ ಕೆಡುತ್ತದೆ.

ಈಗ ಗಾಳಿ

ಗನ್ ಪೂರ್ತಿ ತೆರೆದು, ನೀರು ಮಾಮೂಲಿನಂತೆ ಹರಿಯುತ್ತಿರುವಾಗ ಬರ್ನರನ್ನು 5 ನಿಮಿಷ ಉರಿಸಿ. ಕಾಯಿಲು ಬಿಸಿಯಾಗುವ ಮೊದಲು ಮಾಡಿದ ಅಳತೆ ಸುಳ್ಳು. ಯಂತ್ರದ ಕವರ್‌ಗಳೆಲ್ಲ ಮುಚ್ಚಿರಲಿ, ಬಿಚ್ಚಿದ ಯಂತ್ರಕ್ಕೆ ಸಿಗುವ ಗಾಳಿಯೇ ಬೇರೆ.

ಶಟರನ್ನು ಮೊದಲು ಸ್ವಲ್ಪ ಹೆಚ್ಚೇ ತೆರೆದಿಟ್ಟು, ನಿಧಾನವಾಗಿ ಮುಚ್ಚುತ್ತ ಬನ್ನಿ. ಚಿಮಣಿಯಿಂದ ಕೈಪಂಪಿನಲ್ಲಿ 10 ಸಲ ಎಳೆದು ಫಿಲ್ಟರ್ ಕಾಗದದ ಚುಕ್ಕೆಯನ್ನು 0ರಿಂದ 9ರವರೆಗಿನ ಮಾಪಕದ ಜೊತೆ ಹೋಲಿಸಿ. ಬೂದುಬಣ್ಣ ಮೊದಲ ಸಲ ತುಸುವೇ ಕಂಡ ಜಾಗದಲ್ಲಿ ನಿಲ್ಲಿಸಿ, ಅನಲೈಸರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟೆಂದು ಓದಿ. ಶೇ. 13.2 ಎಂದುಕೊಳ್ಳಿ. ಈಗ ಶಟರನ್ನು ಮತ್ತೆ ತೆರೆದು ಆ ಅಂಕಿಯನ್ನು 1.5ರಿಂದ 2ರಷ್ಟು ಇಳಿಸಿ, ಅಂದರೆ ಶೇ. 11.2ರಿಂದ 11.7ರ ನಡುವೆ ತನ್ನಿ. ಆಮ್ಲಜನಕ ಆಗ ಶೇ. 5ರ ಆಸುಪಾಸಿನಲ್ಲಿರುತ್ತದೆ. ಕಾಗದದ ಮೇಲಿನ ಚುಕ್ಕೆ ಈಗ ಬಿಳಿ, ಸೊನ್ನೆ. ಕಾರ್ಬನ್ ಮೊನಾಕ್ಸೈಡ್ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಒಳಗಿದ್ದರೆ ಒಳ್ಳೆಯದು, 100 ದಾಟಿದರೆ ಶಟರ್ ಬಿಟ್ಟು ಹಿಂದಿನ ಹಂತಗಳಿಗೆ ಮರಳಿ. ಶಟರಿನ ಸ್ಕ್ರೂ ಬಿಗಿಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಶಟರ್ ಜರುಗುವುದು ಸಾಮಾನ್ಯ.

ಸೊನ್ನೆ ಹೊಗೆ ಸಿಕ್ಕ ಅಂಚಿನಲ್ಲೇ ಏಕೆ ನಿಲ್ಲಿಸಬಾರದು? ನಾಳೆ ಡೀಸೆಲ್ ಇನ್ನಷ್ಟು ತಣ್ಣಗಿರಬಹುದು, ಫ್ಯಾನಿನ ಮೇಲೆ ಧೂಳು ಕೂರಬಹುದು, ಬಿಸಿಲು ಏರಿ ಗಾಳಿ ತೆಳುವಾಗಬಹುದು. ಆ ಒಂದೂವರೆ ಅಂಕಿ ಇವುಗಳಿಗೆಲ್ಲ ಇಟ್ಟ ಮುಂಗಡ. ತಣ್ಣನೆಯ ಡೀಸೆಲ್ ದಪ್ಪಗಾದಾಗ ನಾಝಲಿನಿಂದ ಕಡಿಮೆಯಲ್ಲ, ಹೆಚ್ಚು ಹರಿಯುತ್ತದೆ, ಹನಿಗಳೂ ದೊಡ್ಡವಾಗುತ್ತವೆ. ಚಳಿಯ ಬೆಳಿಗ್ಗೆ ಹೊಗೆಯಾಡುವ ಯಂತ್ರ ಮಧ್ಯಾಹ್ನ ತನ್ನಿಂದ ತಾನೇ ಸರಿಹೋಗುವುದು ಇದರಿಂದ. ಎತ್ತರದ ಜಾಗಕ್ಕೆ ಒಯ್ದರೂ ಮತ್ತೆ ಹೊಂದಿಸಬೇಕು: 1,000 ಮೀಟರ್ ಮೇಲೇರಿದರೆ ಗಾಳಿ ಸುಮಾರು ಶೇ. 10ರಷ್ಟು ತೆಳು.

ಅನಲೈಸರ್ ಇಲ್ಲದಿದ್ದರೆ ಉರಿಯನ್ನು ನೋಡಿ ಅಂದಾಜಿಗೆ ಬರಬಹುದು. ಹಳದಿ ಕಿತ್ತಳೆ ಬಣ್ಣ, ಚೂಪಾದ ತುದಿ, ಒಂದೇ ಸಮನೆ ಸದ್ದು ಇದ್ದರೆ ಪರವಾಗಿಲ್ಲ. ತುದಿ ಕಡುಗೆಂಪಾಗಿ ಹೊಗೆ ಎಳೆಯುತ್ತಿದ್ದರೆ ಗಾಳಿ ಸಾಲದು. ಬೆಳ್ಳಗೆ, ಗಿಡ್ಡಗೆ, ಬುಸುಗುಡುತ್ತಿದ್ದರೆ ಹೆಚ್ಚಾಗಿದೆ. ಆದರೆ ಕಣ್ಣು ಹೇಳುವುದು ತಾತ್ಕಾಲಿಕ ಮಾತು. ಶೇ. 8 ಮತ್ತು ಶೇ. 11 ಕಾರ್ಬನ್ ಡೈಆಕ್ಸೈಡಿನ ಉರಿಗಳು ಕಣ್ಣಿಗೆ ಹೆಚ್ಚು ಕಡಿಮೆ ಒಂದೇ, ಡೀಸೆಲ್ ಖರ್ಚಿನಲ್ಲಿ ಒಂದೇ ಅಲ್ಲ. ಅಳೆಯುವ ಸಾಧನ ಇರುವವರಿಂದ ಆದಷ್ಟು ಬೇಗ ಅಳತೆ ಮಾಡಿಸಿ.

ಹೊಂದಿಸಿ ಮುಗಿದ ದಿನದ ಒತ್ತಡ, ಕಾರ್ಬನ್ ಡೈಆಕ್ಸೈಡ್, ಚಿಮಣಿಯ ಬಿಸಿ, ಒಳಹೋಗುವ ಮತ್ತು ಹೊರಬರುವ ನೀರಿನ ಬಿಸಿ, ಇಷ್ಟನ್ನು ಕವರಿನ ಒಳಮೈಗೆ ಬರೆದು ಅಂಟಿಸಿಡಿ. ಮುಂದಿನ ರೋಗನಿರ್ಣಯಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಹೊಗೆಯ ಭಾಷೆ

ಕಪ್ಪು ಹೊಗೆ ಎಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ. ಫ್ಯಾನಿನ ಧೂಳು, ಕಾಯಿಲಿನ ಸಂದಿಯ ಮಸಿ, ಸವೆದು ಅಗಲವಾದ ನಾಝಲ್, ಏರಿದ ಒತ್ತಡ, ಇಳಿದ ವೋಲ್ಟೇಜ್, ಈ ಕ್ರಮದಲ್ಲಿ ನೋಡಿ. ಟ್ರೇಲರ್ ಮೇಲಿನ ಯಂತ್ರಗಳಲ್ಲಿ ಇನ್ನೊಂದು: ಎಂಜಿನ್ನಿನ ಸೈಲೆನ್ಸರ್ ಬಿಡುವ ಹೊಗೆಯನ್ನು ಬರ್ನರಿನ ಫ್ಯಾನ್ ಎಳೆದುಕೊಳ್ಳುತ್ತಿರಬಹುದು. ಅದರಲ್ಲಿ ಆಮ್ಲಜನಕ ಕಡಿಮೆ, ಶಟರ್ ಎಷ್ಟು ತೆರೆದರೂ ಹೊಗೆ ನಿಲ್ಲದಿರಬಹುದು.

ಕಣ್ಣುರಿಸುವ ಬಿಳಿ ಹೊಗೆ ಎಂದರೆ ಉರಿಯದ ಡೀಸೆಲ್ ಆವಿ. ಗಾಳಿ ವಿಪರೀತವಾಗಿ ಉರಿಯನ್ನು ಆರಿಸುತ್ತಿದೆ, ಕಿಡಿ ತಡವಾಗುತ್ತಿದೆ, ಡೀಸೆಲ್ಲಿನಲ್ಲಿ ನೀರಿದೆ, ಇಲ್ಲವೇ ನಿಲ್ಲಿಸಿದ ಮೇಲೆ ನಾಝಲ್ ಹನಿಯುತ್ತಿದೆ. ಚಳಿಯಲ್ಲಿ ಬರುವ ಬಿಳಿ ನೀರಾವಿಗೆ ವಾಸನೆಯಿರುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ.

ಹೊತ್ತುವಾಗ 'ಧುಮ್' ಎಂದು ಸದ್ದಾದರೆ ಅದನ್ನು ಅಭ್ಯಾಸವೆಂದು ಬಿಡಬೇಡಿ. ಕಿಡಿಗೆ ಮೊದಲೇ ಡೀಸೆಲ್ ಒಳಗೆ ತುಂಬಿ ಒಮ್ಮೆಲೇ ಹೊತ್ತುತ್ತಿದೆ. ಎಲೆಕ್ಟ್ರೋಡಿನ ಅಳತೆ ಮತ್ತು ಸೊಲೆನಾಯ್ಡ್ ಸೋರಿಕೆ ಎರಡನ್ನೂ ಅಂದೇ ನೋಡಿ.

ಹೊತ್ತದೇ ಹೋದಾಗ

ಮೋಟಾರು ತಿರುಗುತ್ತಿದೆ, ಗಾಳಿ ಬರುತ್ತಿದೆ, ಚಿಮಣಿಯಲ್ಲಿ ಡೀಸೆಲ್ ವಾಸನೆ ಇಲ್ಲ: ಇಂಧನ ಬರುತ್ತಿಲ್ಲ. ಗೇಜಿನಲ್ಲಿ ಒತ್ತಡವೂ ಇಲ್ಲದಿದ್ದರೆ ಕಪ್ಲಿಂಗ್ ಮುರಿದಿರಬಹುದು. ಒತ್ತಡ ಇದ್ದು ತುಂತುರು ಇಲ್ಲದಿದ್ದರೆ ಸೊಲೆನಾಯ್ಡಿನ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಬರುತ್ತಿದ್ದರೆ ಸೊಲೆನಾಯ್ಡಿನ ತಂತಿ ಸುರುಳಿ ಸುಟ್ಟಿದೆ ಅಥವಾ ವಾಲ್ವ್ ಅಂಟಿದೆ. ಬರದಿದ್ದರೆ ಸರಣಿಯಲ್ಲಿರುವ ಥರ್ಮೋಸ್ಟಾಟ್, ಫ್ಲೋ ಸ್ವಿಚ್, ಅತಿಬಿಸಿ ತಡೆಯುವ ಲಿಮಿಟ್ ಸ್ವಿಚ್ ಇವನ್ನು ಕರೆಂಟ್ ತೆಗೆದು ಒಂದೊಂದಾಗಿ ಪರೀಕ್ಷಿಸಿ. ಗನ್ನಿನ ನೀರಿನ ನಾಝಲ್ ಕಟ್ಟಿ ಹರಿವು ಕಡಿಮೆಯಾಗಿದ್ದರೂ ಫ್ಲೋ ಸ್ವಿಚ್ ಕರೆಂಟ್ ಹರಿಯಬಿಡದು.

ಡೀಸೆಲ್ ವಾಸನೆ ಇದ್ದೂ ಹೊತ್ತದಿದ್ದರೆ ಕಿಡಿಯ ತೊಂದರೆ. ಹೊತ್ತಿ ಕೆಲವು ಸೆಕೆಂಡುಗಳಲ್ಲೇ ಆರಿ ಲಾಕೌಟ್ ಆದರೆ (ರಿಸೆಟ್ ಒತ್ತುವವರೆಗೆ ಬರ್ನರ್ ತಾನೇ ನಿಂತುಬಿಟ್ಟರೆ), ಉರಿಯನ್ನು ಕಾಣುವ ಫೋಟೊಸೆಲ್ ಇರುವ ಯಂತ್ರಗಳಲ್ಲಿ ಅದರ ಕಣ್ಣಿಗೆ ಮಸಿ ಹಿಡಿದಿರಬಹುದು. ಒರೆಸಿ, ಉರಿಯ ಬೆಳಕಿನಲ್ಲಿ ಅದರ ರೋಧ ಅಳೆಯಿರಿ. ಬೆಳಕು ಬಿದ್ದರೆ ರೋಧ ಇಳಿಯುವ ಕ್ಯಾಡ್ ಸೆಲ್ ಮಾದರಿಯಲ್ಲಿ 1,600 ಓಮ್‌ಗಿಂತ ಕಡಿಮೆ ಇರಬೇಕು.

ರಿಸೆಟ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ, ಹೊತ್ತದಿದ್ದರೆ ಅಲ್ಲಿಗೆ ನಿಲ್ಲಿಸಿ. ಪ್ರತಿ ಸಲ ಒತ್ತಿದಾಗಲೂ ಉರಿಯದ ಡೀಸೆಲ್ ಒಲೆಯ ತಳದಲ್ಲಿ ಸೇರುತ್ತದೆ. ಐದಾರು ಸಲ ಒತ್ತಿದ ಮೇಲೆ ಅದೃಷ್ಟಕ್ಕೆ ಹೊತ್ತಿಕೊಂಡರೆ ಚಿಮಣಿಯಿಂದ ಆಳೆತ್ತರ ಉರಿ ಏಳುತ್ತದೆ. ತಳದಲ್ಲಿ ಡೀಸೆಲ್ ನಿಂತಿದ್ದರೆ ಬಟ್ಟೆಯಿಂದ ಹೀರಿ ತೆಗೆದು, ಒದ್ದೆಯಾದ ನಿರೋಧಕ ಹೊದಿಕೆಯನ್ನು ಬದಲಿಸಿದ ಮೇಲೆಯೇ ಮುಂದಿನ ಪ್ರಯತ್ನ.

ಕಾಯಿಲು: ಹೊರಗೆ ಮಸಿ, ಒಳಗೆ ಸುಣ್ಣ

ಚಿಮಣಿಯ ಬಿಸಿ ನೀವು ಬರೆದಿಟ್ಟ ಅಂಕಿಗಿಂತ 30-40 ಡಿಗ್ರಿ ಏರಿ, ನೀರಿನ ಬಿಸಿ ಇಳಿದಿದ್ದರೆ ಶಾಖ ನೀರಿಗೆ ದಾಟುತ್ತಿಲ್ಲ. ಮಸಿಯನ್ನು ಒಣ ಬ್ರಷ್ಷು ಮತ್ತು ವ್ಯಾಕ್ಯೂಮಿನಿಂದ ತೆಗೆಯಿರಿ. ನೀರು ಹಾಯಿಸಬೇಡಿ. ಮಸಿಯಲ್ಲಿನ ಗಂಧಕ ನೀರಿನೊಂದಿಗೆ ಸೇರಿ ಆಮ್ಲವಾಗಿ ಕಾಯಿಲನ್ನು ತಿನ್ನುತ್ತದೆ. ಒಲೆಯ ಒಳಗೋಡೆಯ ಸೆರಾಮಿಕ್ ಫೈಬರಿನ ನಾರು ಶ್ವಾಸಕ್ಕೆ ಹೋಗಬಾರದು, ಒಳ್ಳೆಯ ಮಾಸ್ಕ್ ಹಾಕಿ.

ಗಡಸು ನೀರು ಬಳಸಿದರೆ ಕಾಯಿಲಿನ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಕಾಯಿಲಿಗೆ ಒಳಹೋಗುವ ಕಡೆ ಒತ್ತಡ ಏರಿ ಗನ್ನಿನಲ್ಲಿ ಇಳಿಯುವುದು ಅದರ ಗುರುತು. ಬರ್ನರ್ ಆರಿಸಿ, ತಯಾರಕರು ಹೇಳಿದ ಡಿಸ್ಕೇಲಿಂಗ್ ದ್ರಾವಣವನ್ನು ಸಣ್ಣ ಪ್ರತ್ಯೇಕ ಪಂಪಿನಿಂದ ಬಕೆಟ್ಟಿಗೂ ಕಾಯಿಲಿಗೂ ಸುತ್ತಿಸಿ. ಹೈ ಪ್ರೆಷರ್ ಪಂಪಿನ ಮೂಲಕ ಬಿಡಬೇಡಿ. ಸುಣ್ಣ ಕರಗುವಾಗ ಅನಿಲ ಏಳುತ್ತದೆ, ಹೊರಬರುವ ಪೈಪು ಸದಾ ತೆರೆದಿರಲಿ. ನೊರೆ ನಿಂತ ಮೇಲೆ ಸಾಕಷ್ಟು ಶುದ್ಧ ನೀರು ಹಾಯಿಸಿ. ಕೈಗವಸು, ಕನ್ನಡಕ ಕಡ್ಡಾಯ.

ಯಾವಾಗ ಏನು

ಪ್ರತಿದಿನ ಫಿಲ್ಟರ್ ಬಟ್ಟಲಿನ ನೀರು ನೋಡಿ, ಚಿಮಣಿ ಗಮನಿಸಿ. ಕೆಲಸ ಮುಗಿಸುವಾಗ ಬರ್ನರ್ ಆರಿಸಿ 2-3 ನಿಮಿಷ ತಣ್ಣೀರು ಹರಿಸಿ, ಬಿಸಿ ಕಾಯಿಲಿನಲ್ಲಿ ನಿಂತ ನೀರೇ ಸುಣ್ಣದ ಮೂಲ. ಸುಮಾರು 100 ಗಂಟೆಗೊಮ್ಮೆ ಎಲೆಕ್ಟ್ರೋಡ್, ಫ್ಯಾನ್, ಜಾಲರಿ. ವರ್ಷಕ್ಕೊಮ್ಮೆ, ಹೆಚ್ಚು ದುಡಿಯುವ ಯಂತ್ರಕ್ಕೆ ಎರಡು ಸಲ, ನಾಝಲ್ ಮತ್ತು ಫಿಲ್ಟರ್ ಹೊಸದು ಹಾಕಿ, ಒತ್ತಡದಿಂದ ಗಾಳಿಯವರೆಗೆ ಪೂರ್ತಿ ಹೊಂದಾಣಿಕೆ. ಫ್ಲೋ ಸ್ವಿಚ್ ಪರೀಕ್ಷೆ ತಿಂಗಳಿಗೊಮ್ಮೆ: ಉರಿಯುತ್ತಿರುವಾಗ ಟ್ರಿಗರ್ ಬಿಡಿ, ಉರಿ ಒಂದೆರಡು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಆ ಯಂತ್ರವನ್ನು ಸರಿಪಡಿಸುವವರೆಗೆ ಮತ್ತೆ ಹೊತ್ತಿಸಬೇಡಿ.